ಗೋಡೆಯ ಮೇಲಿದ್ದ ನಮ್ಮಂಗಡಿಯ ಎಣ್ಣೆ

ಗೊಬ್ಬರ, ಬೀಜ, ಬೆಳೆಗೆ ಹೊಡೆಯುವ ಔಷಧ ಮಾರುವ ಅಂಗಡಿಯವರಿಗೆ ಒಂದು ಭಾಗ್ಯ ಇದೆ. ಅದು ಕಿರಾಣಿಯವರಿಗಿಲ್ಲ, ಬಟ್ಟೆಯವರಿಗೂ ಇಲ್ಲ. ವರ್ಷದಲ್ಲಿ ಕಂಪನಿ ಹೇಳಿದಷ್ಟು ಡಬ್ಬಿ ಮಾರಿದರೆ ಅವರು ನಮ್ಮನ್ನು ವಿಮಾನ ಹತ್ತಿಸುತ್ತಾರೆ. ಹೊಸಪೇಟೆಯಿಂದಾಚೆ ಹೆಚ್ಚು ತಿರುಗಾಡದ ಮನುಷ್ಯನೊಬ್ಬ ಗಂಗಾವತಿಯ ಚಹಾದಂಗಡಿಯಲ್ಲಿ ಕುಳಿತು ಬ್ಯಾಂಕಾಕಿನ ಸೆಕೆಯ ಬಗ್ಗೆ ಮಾತಾಡುತ್ತಿದ್ದರೆ ಅವನು ನಮ್ಮ ಧಂದೆಯವನೇ ಎಂದು ಕಣ್ಣು ಮುಚ್ಚಿ ಹೇಳಬಹುದು. ಗಂಗಾವತಿ ಹತ್ತಿರದ ಸಿದ್ದಾಪುರದಲ್ಲಿ ನನ್ನದೂ ಅಂಥದೊಂದು ಅಂಗಡಿ. ಆ ವರ್ಷ ನನಗೆ ವಿಯೆಟ್ನಾಂ ಬಂತು, ಅದೂ ಎರಡು ಸೀಟು.

ಎರಡನೆಯ ಸೀಟು ಹೆಂಡತಿಯದು ಅಂತ ಎಲ್ಲರೂ ತಿಳಿಯುತ್ತಾರೆ. ನನ್ನ ಹೆಂಡತಿ ತನ್ನ ಅಕ್ಕನ ಮಗಳ ನಿಕಾಹದ ತಯಾರಿಯಲ್ಲಿದ್ದಳು. ಕಂಪನಿಯವರು ಕಳಿಸಿದ ಕಾಗದದಲ್ಲಿ ಯುದ್ಧದ ಮ್ಯೂಸಿಯಂ ಅಂತ ಒಂದು ಸಾಲು ಇದ್ದದ್ದನ್ನು ಓದಿ ಹೇಳಿದೆ. ಯುದ್ಧ ನೋಡಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಶಾಮಿಯಾನದವನ ಜೊತೆ ನಾನು ದಿನಾ ಮಾಡುತ್ತಿದ್ದೇನಲ್ಲ ಅಂದಳು. ಆಮೇಲೆ ಅವಳೇ ದಾರಿ ತೋರಿಸಿದಳು: ತಳಕಲ್ ಕಾಕಾನನ್ನು ಕರೆದುಕೊಂಡು ಹೋಗಿರಿ, ಈ ಅಂಗಡಿ ನಿಂತದ್ದು ಅವನಿಂದ.

ಮಾತು ಸುಳ್ಳಲ್ಲ. ಕಾಕಾ ನನಗೆ ರಕ್ತಸಂಬಂಧಿ ಅಲ್ಲ, ಜಾತಿಯವನೂ ಅಲ್ಲ. ಯಲಬುರ್ಗಾ ಕಡೆಯ ತಳಕಲ್ಲಿನಿಂದ ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಕಾಲುವೆ ಸೀಮೆಗೆ ಭತ್ತದ ನಾಟಿ ಕೂಲಿಗೆ ಬಂದವನು ಇಲ್ಲೇ ಉಳಿದು ಪಾಲಿಗೆ ಗದ್ದೆ ಮಾಡತೊಡಗಿದ. ನಾನು ಅಂಗಡಿ ತೆಗೆದಾಗ ಭತ್ತದ ಗದ್ದೆಯಲ್ಲಿ ಕಳೆ ಕಸ ಕೀಳುವುದೆಂದರೆ ಹೆಂಗಸರ ಕೆಲಸ. ಯಲಬುರ್ಗಾ, ಕುಷ್ಟಗಿ ಕಡೆಯ ಒಣ ಊರುಗಳಿಂದ ಟ್ರ್ಯಾಕ್ಟರ್ ತುಂಬಿಕೊಂಡು ಬರುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತರೆ ದಿನಗಟ್ಟಲೆ ಅದೇ ಕೆಲಸ. ಕಾಲ್ಬೆರಳ ಸಂದು ಕೊಳೆತು ಬಿಳಿಚಿಕೊಳ್ಳುತ್ತಿತ್ತು, ನಡೆಯುವಾಗ ಹಿಮ್ಮಡಿ ಮೇಲೆ ನಡೆಯುತ್ತಿದ್ದರು. ಕಾಕಾನ ಹೆಂಡತಿಯೂ ಅವರಲ್ಲಿ ಒಬ್ಬಳು. ಕಸ ಸಾಯುತ್ತದೆ, ಭತ್ತ ಉಳಿಯುತ್ತದೆ ಎನ್ನುವ ಔಷಧ ನನ್ನ ಕಪಾಟಿನಲ್ಲಿ ಬಂದು ಕುಳಿತಿತ್ತು. ಯಾರೂ ಮುಟ್ಟುತ್ತಿರಲಿಲ್ಲ, ಭತ್ತವೇ ಸುಟ್ಟುಹೋದರೆ ಎನ್ನುವ ಹೆದರಿಕೆ. ಕಾಕಾ ಒಬ್ಬನೇ ಬಂದು, ನನ್ನ ಪಾಲಿನ ಗದ್ದೆಗೆ ಹೊಡೆಯೋಣ, ಸುಟ್ಟರೆ ನಾನು ಸುಟ್ಟುಕೊಳ್ಳುತ್ತೇನೆ ಅಂದ. ಹದಿನೈದು ದಿನಕ್ಕೆ ಇಡೀ ಊರು ಅವನ ಬದುವಿನ ಮೇಲೆ ನಿಂತು ನೋಡಿತು. ಆ ವರ್ಷ ಅವನ ಹೆಂಡತಿ ನೀರಿಗಿಳಿಯಲಿಲ್ಲ.

ಈ ಔಷಧಕ್ಕೆ ನಮ್ಮ ಕಡೆ ಕಸದ ಎಣ್ಣಿ ಅನ್ನುತ್ತಾರೆ. ಅದನ್ನು ಮಾರಲು ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ. ರೈತರು ಸೇರಿದ ಕಡೆ ಡ್ರಮ್ಮಿನಲ್ಲಿ ನೀರು ತುಂಬಿಸಿ, ಮುಚ್ಚಳದಿಂದ ಅಳೆದು ಎಣ್ಣೆ ಹಾಕಿ, ತೋಳು ಮಡಚಿ ಮೊಣಕೈವರೆಗೆ ಕೈ ಅದ್ದಿ ಕಲಸುತ್ತಿದ್ದೆ. ಆಮೇಲೆ ಹೆಗಲ ಟವೆಲ್ಲಿಗೆ ಒರೆಸಿ, ಎಲ್ಲರೆದುರು ಅದೇ ಕೈಯಲ್ಲಿ ಚಹಾ ಕುಡಿಯುತ್ತಿದ್ದೆ. ಹೆದರಿದವರೆಲ್ಲ ನಗುತ್ತಿದ್ದರು, ಡಬ್ಬಿ ಒಯ್ಯುತ್ತಿದ್ದರು. ಊರಿನಲ್ಲಿ ಕೋಲಿನಿಂದ ಕಲಸುವವರೇ ಇಲ್ಲದಂತಾಯಿತು. ಕೋಲು ಹುಡುಕುವವನಿಗೆ, ಭಾಯಿ ಕೈ ಹಾಕ್ತಾನ, ನಿನ್ನ ಕೈ ಏನು ಬೆಳ್ಳಿದೇನು ಅಂತ ಚೇಷ್ಟೆ ಮಾಡುತ್ತಿದ್ದರು. ನನಗದು ಹೆಮ್ಮೆಯ ಮಾತಾಗಿತ್ತು.

ಹೊರಡುವ ಮುಂಚೆ ಕಾಕಾನಿಗೆ ಒಂದೇ ಚಿಂತೆ. ಅವನ ಗದ್ದೆಗೆ ಕಸದ ಎಣ್ಣೆ ಹೊಡೆಯುವ ದಿನಗಳು ನಾವು ಊರಲ್ಲಿಲ್ಲದಾಗಲೇ ಬೀಳುತ್ತಿದ್ದವು. ಪಂಪು ಬೆನ್ನಿಗೆ ಕಟ್ಟಿಕೊಂಡು ಮಗ ಹೊಡೆಯುತ್ತಾನೆ, ಕಲಸಿ ಕೊಡಲು ಒಬ್ಬರು ಬೇಕು. ಆ ಕೆಲಸ ಕಾಕಾನದಾಗಿತ್ತು. ಅವನಿಲ್ಲದಿದ್ದರೆ ಸೊಸೆಯದು. ಸೊಸೆಗೆ ಮದುವೆಯಾಗಿ ಆರು ವರ್ಷದ ಮೇಲೆ ಮೊದಲ ಬಸಿರು, ಐದನೆಯ ತಿಂಗಳು.

"ಐದು ತಿಂಗಳ ಬಸರಿ, ಆಕಿ ಕೈಲೆ ಕಲಸಿದ್ರ ನಡೀತೈತೇನು ಭಾಯಿ?" ಅಂತ ಅಂಗಡಿಗೆ ಬಂದು ಕೇಳಿದ.

ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಹೇಳಿದೆ: "ಏನೂ ಆಗಂಗಿಲ್ಲ ಕಾಕಾ. ನಾ ಇಷ್ಟು ವರ್ಷ ಕೈ ಹಾಕೇನಿ, ನನಗೇನಾಗೇತಿ?"

ಅವನ ಮುಖ ಸಡಿಲಾಯಿತು. ಮನೆಗೆ ಹೋಗಿ ಹಾಗೇ ಹೇಳಿದ.

ಕಾಕಾನ ಪ್ರಯಾಣವೇ ಒಂದು ಕಥೆ. ಪಾಸ್‌ಪೋರ್ಟ್ ಮಾಡಿಸುವಾಗ ಅವನ ಬೆರಳಚ್ಚು ಯಂತ್ರಕ್ಕೆ ಸಿಗಲಿಲ್ಲ, ರೇಖೆಗಳೆಲ್ಲ ಸವೆದಿದ್ದವು. ಅಲ್ಲಿಯ ಹುಡುಗಿ ಬೆರಳು ಒರೆಸಿ, ಒತ್ತಿ, ಮತ್ತೆ ಒರೆಸಿ ಸುಸ್ತಾದಳು. ವಿಮಾನದಲ್ಲಿ ಅವನು ಊಟದ ತಟ್ಟೆಯನ್ನು ಮುಟ್ಟದೆ ಬಗಲ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದ. ವಿಯೆಟ್ನಾಮಿನಲ್ಲಿ ಆ ರೊಟ್ಟಿಯೇ ನಮ್ಮಿಬ್ಬರನ್ನೂ ಕಾಪಾಡಿತು. ನನಗೆ ಅಲ್ಲಿಯ ಮಾಂಸ ನಡೆಯುವುದಿಲ್ಲ, ಅವನಿಗೆ ಯಾವ ಮಾಂಸವೂ ನಡೆಯುವುದಿಲ್ಲ. ಬೇರೆ ಅಂಗಡಿಯವರು ಹೋಟೆಲಿನ ಬಫೆಯಲ್ಲಿ ಸೀಗಡಿಯನ್ನು ತಿರುವಿ ಮುರುವಿ ನೋಡುವಾಗ ನಾವಿಬ್ಬರು ಕೋಣೆಯಲ್ಲಿ ಕಾಲು ಮಡಚಿ ಕುಳಿತು ರೊಟ್ಟಿ ಮುರಿದು ತಿನ್ನುತ್ತಿದ್ದೆವು. ಮೊದಲ ದಿನ ಬಸ್ಸಿನಿಂದ ಅಲ್ಲಿಯ ಭತ್ತದ ಗದ್ದೆ ನೋಡಿ ಕಾಕಾ ಕಿಟಕಿಗೆ ಮುಖ ಒತ್ತಿ ಕುಳಿತ. ಆಮೇಲೆ, ಇದೇನು ಸಿದ್ದಾಪುರ ಬಿಟ್ಟು ಸಿದ್ದಾಪುರಕ್ಕ ಕರಕೊಂಡ ಬಂದೀಯಲ್ಲೊ ಅಂದ.

ಎರಡನೆಯ ದಿನ ಬೆಳಿಗ್ಗೆ ಮ್ಯೂಸಿಯಂ. ಅಂಗಳದಲ್ಲಿ ವಿಮಾನ, ಟ್ಯಾಂಕು, ಫಿರಂಗಿ ಸಾಲಾಗಿ ನಿಂತಿದ್ದವು. ನಮ್ಮವರು ಬಸ್ಸಿನಿಂದ ಇಳಿದವರೇ ಅವುಗಳ ಮುಂದೆ ಎದೆ ಉಬ್ಬಿಸಿ ಫೋಟೊ ತೆಗೆಸಿಕೊಂಡರು. ನಾನೂ ತೆಗೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಕಂಪನಿಯ ಸಾಹೇಬರು ಎಲ್ಲರಿಗೂ ಒಂದೇ ಬಣ್ಣದ ಟೋಪಿ ಕೊಟ್ಟಿದ್ದರು. ನಲವತ್ತು ಜನ ಅದನ್ನು ಹಾಕಿಕೊಂಡು ಟ್ಯಾಂಕಿನ ಸುತ್ತ ನಿಂತರೆ ನಾವೇ ಯುದ್ಧ ಗೆದ್ದವರ ಹಾಗೆ ಕಾಣುತ್ತಿದ್ದೆವು. ಕಾಕಾ ಟ್ಯಾಂಕಿನ ಚಕ್ರದ ಪಟ್ಟಿಯನ್ನು ಬಗ್ಗಿ ನೋಡಿ, ಇದು ಕೆಸರಿನ ಗದ್ದೆಯಲ್ಲಿ ಹುಗಿಯದೆ ಇರುವುದಿಲ್ಲ, ನಮ್ಮ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿಯೇ ಇದಕ್ಕಿಂತ ಛಲೋ ಎಂದು ತೀರ್ಪು ಕೊಟ್ಟ. ನಮ್ಮ ಗೈಡ್ ಒಬ್ಬಳು ಹರೆಯದ ಹುಡುಗಿ, ಹಿಂದಿ ಅಷ್ಟಿಷ್ಟು ಬರುತ್ತಿತ್ತು. ಕಾಕಾನ ಮಾತನ್ನು ನಾನು ತಿಳಿಸಿದಾಗ, ನಿಜವೇ, ಬಹಳ ಹುಗಿದವು ಎಂದು ನಕ್ಕಳು.

ನಗು ಮೆಟ್ಟಿಲು ಹತ್ತುವವರೆಗೆ ಇತ್ತು.

ಮೇಲಿನ ಒಂದು ಕೋಣೆಯಲ್ಲಿ ಗೋಡೆ ತುಂಬ ಫೋಟೊಗಳು. ಮೊದಲನೆಯದರಲ್ಲಿ ಕಾಡಿನ ಮೇಲೆ ಮೂರು ವಿಮಾನ ಸಾಲಾಗಿ ಹಾರುತ್ತಿದ್ದವು, ಪ್ರತಿಯೊಂದರ ಹಿಂದೆ ಬಿಳಿ ಹೊಗೆಯ ಹಾಗೆ ಏನೋ ಇಳಿಯುತ್ತಿತ್ತು. ನಾನದನ್ನು ಹೊಗೆಯೆಂದೇ ತಿಳಿದು ಮುಂದೆ ಹೊರಟೆ. ಓದು ಬರದ ಕಾಕಾ ಅಲ್ಲೇ ನಿಂತ.

"ಎಣ್ಣಿ ಹೊಡಿಯಾಕತ್ತಾರಲ್ಲೊ ಭಾಯಿ," ಅಂದ. "ನೋಡು, ಗಾಳಿ ಎತ್ತಾಗ ಐತಿ ಅಂತ ನೋಡಿ ಹೊಡದಾರ."

ನಾನು ಹಿಂದಕ್ಕೆ ಬಂದು ಕೆಳಗಿನ ಇಂಗ್ಲಿಷ್ ಓದಿದೆ. ಶತ್ರು ಅಡಗಿದ ಕಾಡಿನ ಎಲೆ ಉದುರಿಸಲು, ಅವನ ಹೊಲದ ಬೆಳೆ ಒಣಗಿಸಲು ವರ್ಷಗಟ್ಟಲೆ ಹೊಡೆದದ್ದು. ಆ ಎಣ್ಣೆಯಲ್ಲಿ ಎರಡು ಔಷಧ ಬೆರೆಸಿದ್ದರಂತೆ. ಒಂದರ ಹೆಸರು ನಾನು ಕೇಳಿರಲಿಲ್ಲ. ಇನ್ನೊಂದರದು ಟು ಫೋರ್ ಡಿ. ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ನನ್ನ ಬಾಯಿಂದ ಬರುವ ಹೆಸರು. ಕಾಕಾನ ಮನೆಯ ಮೂಲೆಯಲ್ಲಿ ನಾನೇ ಇಟ್ಟುಬಂದ ಡಬ್ಬಿಯ ಮೇಲಿನ ಹೆಸರು.

ಅದರ ಮುಂದಿನ ಗೋಡೆಯಲ್ಲಿ ಮಕ್ಕಳಿದ್ದರು. ಅವರು ಹೇಗಿದ್ದರು ಎಂದು ನಾನು ಬರೆಯುವುದಿಲ್ಲ. ಅವರ ತಾಯಂದಿರು ಅವರನ್ನು ಎತ್ತಿಕೊಂಡ ರೀತಿ ಮಾತ್ರ ಹೇಳುತ್ತೇನೆ. ಎಲ್ಲ ತಾಯಂದಿರು ಎತ್ತಿಕೊಳ್ಳುವ ಹಾಗೇ ಎತ್ತಿಕೊಂಡಿದ್ದರು, ಕ್ಯಾಮೆರಾದವನ ಕಡೆ ನೋಡದೆ.

ಅಲ್ಲಿ ನಿಂತಾಗ ನನ್ನೊಳಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಟೂರಿಗೆ ಬಂದವರಿಗೆ ಇದನ್ನು ಯಾಕೆ ತೋರಿಸುತ್ತಾರೆ, ಆಗಿ ಹೋದದ್ದನ್ನು ಗೋಡೆಗೆ ಯಾಕೆ ತೂಗುಹಾಕುತ್ತಾರೆ ಅನ್ನಿಸಿತು. ಆಮೇಲೆ, ತಲೆಯ ಮೇಲಿದ್ದ ಕಂಪನಿಯ ಟೋಪಿ ನೆನಪಾಗಿ ತೆಗೆದು ಜೇಬಿಗೆ ತುರುಕಿದೆ. ನಂಬುವುದಾದರೆ ನಂಬಿರಿ, ಅದರ ಜೊತೆಗೇ ಒಂದು ವಾದವೂ ಎದ್ದಿತು: ಕಾಲು ಕೊಳೆತ ಹೆಂಗಸರ ಫೋಟೊ ಯಾವ ಗೋಡೆಯ ಮೇಲಿದೆ, ಅವರನ್ನು ನೀರಿನಿಂದ ಎತ್ತಿದ್ದು ಯಾವುದು? ಆ ವಾದವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಆದರೆ ಆ ಕೋಣೆಯಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಕಾಕಾ ನನ್ನ ತೋಳು ಹಿಡಿದ.

"ನಮ್ಮದೂ ಇದನ ಏನು?"

ಗೊತ್ತಿದ್ದವರ ಹಾಗೆ ಉತ್ತರ ಹೇಳುವುದು ನನ್ನ ಕೆಲಸ. ಅಂಗಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರಿಂದ ನಾನು ಕಲಿತ ಕನ್ನಡದಲ್ಲಿ ಗೊತ್ತಿಲ್ಲ ಅನ್ನುವ ಮಾತು ಕಡಿಮೆ. ಹಿಂದೆ ನಿಂತಿದ್ದ ಕಂಪನಿಯ ಸಾಹೇಬರನ್ನು ಕರೆದು ಕೇಳಿದೆ. ಅವರು ಓದಿದವರು, ಸಮಾಧಾನದಿಂದ ಹೇಳಿದರು: ಆ ಹಾನಿ ಮುಖ್ಯವಾಗಿ ಆ ಇನ್ನೊಂದು ಔಷಧದಲ್ಲಿ ಉಳಿದಿದ್ದ ವಿಷದ ಕಲ್ಮಶದಿಂದ, ಅದನ್ನು ಲೋಕ ಯಾವಾಗಲೋ ಬಿಟ್ಟಿದೆ, ನಮ್ಮದು ಬೇರೆ. ಅವರು ಹೇಳಿದ್ದು ಸರಿಯೇ ಎಂದು ಆಮೇಲೆ ನಾನೂ ಓದಿ ತಿಳಿದೆ. ನಾನದನ್ನು ಕಾಕಾನಿಗೆ ಕನ್ನಡದಲ್ಲಿ ಹೇಳಿದೆ.

ಅವನು ಪೂರ್ತಿ ಕೇಳಿದ. "ಅದು ಬ್ಯಾರೆ, ಆತು. ಹಂಗಾರ ನಮ್ಮದು ಬಸರಿ ಹೆಣಮಗಳ ಕೈಯಾಗ ಕೊಡೂದೈತೇನು? ಅದನ್ನ ಹೇಳು."

ಸಾಹೇಬರು, ಡಬ್ಬಿಯ ಜೊತೆ ಕಾಗದ ಇರುತ್ತದೆ, ಅದರಲ್ಲಿ ಕೈಗವಸು ಹಾಕಿಕೊಳ್ಳಿ ಎಂದು ಬರೆದಿರುತ್ತದೆ ಅಂದರು. ಕಾಕಾ ಅವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ. ಅವನ ಸೊಸೆಗೆ ಏನೂ ಆಗುವುದಿಲ್ಲ ಎಂದು ಹೇಳಿದವನು ಸಾಹೇಬನಲ್ಲ.

"ನನಗ ಗೊತ್ತಿಲ್ಲ ಕಾಕಾ," ಅಂದೆ.

ಕಾಕಾ ಗೋಡೆಯ ಗಡಿಯಾರದ ಕಡೆ ನೋಡಿದ. ಅಲ್ಲಿ ಎಂಟೂವರೆ. ನಮ್ಮ ದೇಶದಲ್ಲಿ ಒಂದೂವರೆ ತಾಸು ಹಿಂದೆ, ಅಂದರೆ ಏಳು. ಬಿಸಿಲೇರುವ ಮೊದಲು, ಗಾಳಿ ಏಳುವ ಮೊದಲು ಎಣ್ಣೆ ಹೊಡೆಯುವುದು ನಮ್ಮ ರೂಢಿ. ಈ ಹೊತ್ತಿಗೆ ಅವನ ಗದ್ದೆಯ ಬದುವಿನ ಮೇಲೆ ಡ್ರಮ್ಮು ಇಟ್ಟಿರುತ್ತಾರೆ. ನನ್ನ ಫೋನಿಗೆ ಆ ದೇಶದಲ್ಲಿ ಸಿಗ್ನಲ್ ಇರಲಿಲ್ಲ. ಗೈಡ್ ಹುಡುಗಿಗೆ ಹೇಳಿದೆ. ಅವಳು ಯಾಕೆ ಏನು ಕೇಳದೆ ತನ್ನ ಫೋನಿನಿಂದ ಇಂಟರ್ನೆಟ್ ಕೊಟ್ಟಳು. ಆ ಮಕ್ಕಳ ಫೋಟೊಗಳಿಗೆ ಬೆನ್ನು ಮಾಡಿ ಮಾತಾಡಲು ಮನಸ್ಸಾಗದೆ ಮೆಟ್ಟಿಲ ಹತ್ತಿರ ಬಂದು ಕಾಕಾನ ಮಗನಿಗೆ ಫೋನು ಹಚ್ಚಿದೆ.

ನಾಲ್ಕನೆಯ ಸಲಕ್ಕೆ ಎತ್ತಿದ. ವಿಮಾನದ ಫೋಟೊ ಕಳಿಸ್ರಿ ಚಾಚಾ ಅಂತ ಶುರು ಮಾಡಿದ. ಎಣ್ಣೆ ಕಲಸಿದ್ದೀರಾ ಎಂದು ಕೇಳಿದೆ.

"ಒಂದು ಡ್ರಮ್ಮು ಮುಗದೈತ್ರಿ. ಎರಡನೇದು ಕಲಸಾಕತ್ತಾಳ."

"ನಿಲ್ಸು. ಆಕಿ ಕೈ ತಗಿ ಅನ್ನು."

"ಯಾಕ್ರಿ ಚಾಚಾ, ಎಣ್ಣಿ ಖೋಟಾ ಬಂದೈತೇನು?"

ನಮ್ಮ ಕಡೆ ರೈತನಿಗೆ ಇರುವ ಹೆದರಿಕೆ ಅದೊಂದೇ. ಎಣ್ಣೆ ಅಸಲಿ ಇದ್ದರೂ ಹೆದರಬೇಕಾದದ್ದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳತೊಡಗಿದೆ. ಅರ್ಧಕ್ಕೆ ಅವನು ತಡೆದು, ನೀವೇ ಕೈ ಹಾಕಿ ತೋರಿಸುತ್ತಿದ್ದಿರಲ್ಲ ಅಂದ. ತಕರಾರಿನ ದನಿ ಅಲ್ಲ, ಸುಮ್ಮನೆ ತಿಳಿಯದೆ ಕೇಳಿದ್ದು. ಅದು ನನ್ನ ತಪ್ಪು ಎಂದೆ. ತಪ್ಪು ಅಂದರೆ ಹ್ಯಾಂಗೆ ಎಂದು ಅವನು ಮತ್ತೆ ಕೇಳುವಷ್ಟರಲ್ಲಿ ಫೋನು ಕೈ ಬದಲಾಯಿಸಿತು. ಆಚೆ ಸೊಸೆ. ನಾಲ್ಕು ಮಾತಿಗೆ ಒಂದು ಮಾತಾಡುವ ಹೆಣ್ಣುಮಗಳು, ಅಂಗಡಿಗೆ ಬಂದರೂ ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರವೇ ನಿಲ್ಲುವವಳು.

"ಚಾಚಾರ, ನೀವು ಅಲ್ಲಿ ಏನು ನೋಡಿದ್ರಿ? ನನಗ ಹೇಳ್ರಿ."

ಸಾಬೂನು ಹಚ್ಚಿ ಕೈ ತೊಳೆದು ಆಮೇಲೆ ಮಾತಾಡು, ಮನೆಗೆ ಹೋದ ಕೂಡಲೆ ಸೀರೆ ಬದಲಾಯಿಸು ಎಂದೆ. ತೊಳೆದು ಬಂದಳು, ಅಷ್ಟು ಹೊತ್ತು ನಾನು ಫೋನು ಇಳಿಸಲಿಲ್ಲ. ನೋಡಿದ್ದನ್ನೆಲ್ಲ ಹೇಳಿದೆ, ಸಾಹೇಬರು ಹೇಳಿದ್ದನ್ನೂ ಹೇಳಿದೆ. ಅಲ್ಲಿಯ ಎಣ್ಣೆ ಬೇರೆ, ಆದರೂ ನೀನು ಇದಕ್ಕೆ ಕೈ ಹಾಕಬಾರದಿತ್ತು, ಒಂದು ದಿನದ್ದಕ್ಕೆ ಏನೂ ಆಗಲಿಕ್ಕಿಲ್ಲ ಅಂತ ಅನ್ನಿಸುತ್ತದೆ, ಖಾತ್ರಿ ನನಗಿಲ್ಲ, ಇವತ್ತೇ ಗಂಗಾವತಿಗೆ ಹೋಗಿ ಡಾಕ್ಟರಮ್ಮನಿಗೆ ಕೇಳು ಎಂದೆ.

"ಮದಲ ಯಾಕ ಹೇಳಲಿಲ್ರಿ?"

"ನನಗ ಗೊತ್ತಿರಲಿಲ್ಲ ಯವ್ವಾ."

"ಗೊತ್ತಿರಲಿಲ್ಲಂದ್ರ ಗೊತ್ತಿಲ್ಲಂತ ಹೇಳಬೇಕಿತ್ತು."

ಅಷ್ಟೇ ಅಂದು ಫೋನು ಗಂಡನಿಗೆ ಕೊಟ್ಟಳು. ನನ್ನ ಐವತ್ತು ವರ್ಷದ ಆಯುಷ್ಯದಲ್ಲಿ ನನ್ನನ್ನು ಬೈದವರು ಬಹಳ. ಇಷ್ಟು ಸರಿಯಾಗಿ ಯಾರೂ ಬೈದಿರಲಿಲ್ಲ.

ಹೊರಗೆ ಬಂದಾಗ ನಮ್ಮವರು ಎಳನೀರು ಕುಡಿಯುತ್ತ ಕಾಯುತ್ತಿದ್ದರು. ಗೈಡ್ ಹುಡುಗಿ ಆಗ ಕೇಳಿದಳು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು. ನಾನು ಏನು ಮಾರುತ್ತೇನೆ ಎಂದು ಹೇಳಿದೆ, ಮುಚ್ಚಿಡಲಿಲ್ಲ. ಅವಳು ಮುಖ ತಿರುಗಿಸುತ್ತಾಳೆ ಅಂದುಕೊಂಡಿದ್ದೆ. ತನ್ನ ಮಾವನೂ ಭತ್ತದ ಗದ್ದೆಗೆ ಹೊಡೆಯುತ್ತಾನೆ, ಬೇರೆ ಹೆಸರಿನದು, ಹೊಡೆಯದಿದ್ದರೆ ಕಸ ಯಾರು ಕೀಳುತ್ತಾರೆ ಅಂದಳು. ಅವನು ಬೂಟು ಹಾಕುತ್ತಾನೆ, ಅಷ್ಟು ಹೇಳಿ ಬಸ್ಸಿನ ಕಡೆ ಹೋದಳು.

ಸಂಜೆ ಹೋಟೆಲಿನಲ್ಲಿ ಸನ್ಮಾನ. ಹೆಚ್ಚು ಮಾರಿದವರು ವೇದಿಕೆಗೆ ಹೋಗಿ ತಮ್ಮ ಪದ್ಧತಿ ಹೇಳಬೇಕು, ನನ್ನದು ಮೂರನೆಯ ಹೆಸರು. ಕೈ ಅದ್ದುವ ಕಥೆಯನ್ನೇ ಹೇಳುವುದೆಂದು ಊರಲ್ಲೇ ತಯಾರಿ ಮಾಡಿಕೊಂಡಿದ್ದೆ. ಅದನ್ನೇ ಹೇಳಿದೆ, ಕೊನೆಯನ್ನು ಬದಲಾಯಿಸಿ. ಈ ಕೈಯಿಂದ ಒಂದು ಊರಿಗೆ ತಪ್ಪು ಕಲಿಸಿದ್ದೇನೆ, ಐದು ತಿಂಗಳ ಬಸುರಿಯೊಬ್ಬಳು ಇವತ್ತು ಬೆಳಿಗ್ಗೆ ನನ್ನ ಮಾತು ನಂಬಿ ಕೈ ಹಾಕಿದ್ದಾಳೆ, ನೀವು ಯಾರಾದರೂ ಹೀಗೆ ತೋರಿಸುತ್ತಿದ್ದರೆ ನಿಲ್ಲಿಸಿರಿ ಎಂದೆ. ಚಪ್ಪಾಳೆ ಬೀಳಲಿಲ್ಲ. ಸಾಹೇಬರು ಮೈಕು ತೆಗೆದುಕೊಂಡು, ನೋಡಿರಿ ನಮ್ಮ ಕಂಪನಿಯ ಸುರಕ್ಷತೆಯ ಸಂದೇಶ ಹೇಗೆ ಹಳ್ಳಿ ಮುಟ್ಟಿದೆ ಅಂದರು. ಆಗ ಬಿದ್ದವು. ಊಟದ ಹೊತ್ತಿಗೆ ಸಿಂಧನೂರು ಕಡೆಯ ಒಬ್ಬ ಅಂಗಡಿಯವ ಹತ್ತಿರ ಬಂದು, ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ ಭಾಯಿ ಎಂದು ನಗುತ್ತಲೇ ಹೇಳಿದ. ಅವನೇ ಅರ್ಧ ತಾಸಿನ ಮೇಲೆ ಮತ್ತೆ ಬಂದು, ಐದನೇ ತಿಂಗಳಲ್ಲಷ್ಟೇ ಏನು, ಮೊದಲಿನ ತಿಂಗಳಲ್ಲೂ ಮುಟ್ಟಬಾರದೇ ಎಂದು ಮೆಲ್ಲಗೆ ಕೇಳಿದ. ಯಾವಾಗಲೂ ಬೇಡ ಎಂದೆ. ಅವನು ಫೋನು ಹಿಡಿದುಕೊಂಡು ವರಾಂಡಕ್ಕೆ ಹೋದ.

ಮರಳಿ ಬರುವಾಗ ವಿಮಾನದಲ್ಲಿ ಕಾಕಾ ನನ್ನೊಡನೆ ರೊಟ್ಟಿ ಹಂಚಿಕೊಂಡ, ಮಾತು ಹಂಚಿಕೊಳ್ಳಲಿಲ್ಲ. ಸಿಟ್ಟೇನು ಎಂದು ಕೇಳಿದೆ. ಸಿಟ್ಟಲ್ಲ, ಅಂಜಿಕಿ ಅಂದ. ನಾಲ್ಕು ತಿಂಗಳು ಇಬ್ಬರೂ ಆ ಅಂಜಿಕೆಯನ್ನು ಹೊತ್ತುಕೊಂಡು ತಿರುಗಾಡಿದೆವು. ಡಾಕ್ಟರಮ್ಮ ಪ್ರತಿ ಸಲವೂ ಎಲ್ಲ ಸರಿಯಿದೆ ಎಂದೇ ಹೇಳುತ್ತಿದ್ದರು, ನಾವು ಪ್ರತಿ ಸಲವೂ ಅವರ ಮುಖವನ್ನೇ ಓದಲು ನೋಡುತ್ತಿದ್ದೆವು. ನಮಾಜಿನ ಕೊನೆಯಲ್ಲಿ ನಾನು ಕೇಳಿಕೊಂಡದ್ದು ಏನೆಂದು ಬೇರೆ ಹೇಳಬೇಕಿಲ್ಲ.

ಹೆಣ್ಣು ಮಗು ಹುಟ್ಟಿತು, ಗಂಗಾವತಿಯ ಆಸ್ಪತ್ರೆಯಲ್ಲಿ. ಕಾಕಾ ಆಸ್ಪತ್ರೆಯ ಹೆಂಗಸರ ನಡುವೆ ನುಗ್ಗಿ ಬಟ್ಟೆ ಬಿಚ್ಚಿಸಿ ಕೈಬೆರಳು, ಕಾಲ್ಬೆರಳು, ಕಿವಿ, ಬೆನ್ನು ಎಲ್ಲ ನೋಡಿದ, ಸಂತೆಯಲ್ಲಿ ಕರು ನೋಡಿದ ಹಾಗೆ. ಹೆಂಗಸರು ಬೈದು ಹೊರಗೆ ಹಾಕಿದರು. ಹೊರಗೆ ಬಂದು ಗೋಡೆಗೆ ಒರಗಿ ಅತ್ತ. ಮಗು ಚೆನ್ನಾಗಿದೆ, ಜೋರಾಗಿ ಕಿರುಚುತ್ತದೆ. ಅದರಿಂದ ನನ್ನ ಎಣ್ಣೆ ಒಳ್ಳೆಯದೆಂದೂ ರುಜುವಾತಾಗಲಿಲ್ಲ, ಕೆಟ್ಟದ್ದೆಂದೂ ಆಗಲಿಲ್ಲ. ಮಗು ಚೆನ್ನಾಗಿದೆ, ಅಷ್ಟೇ.

ತಿಂಗಳಾದ ಮೇಲೆ ನೋಡಲು ಹೋದಾಗ ಸೊಸೆ ನೇರವಾಗಿ ಕೇಳಿದಳು, ಇನ್ನೂ ಮಾರುತ್ತೀರೇನು ಎಂದು. ಮಾರುತ್ತೇನೆ ಎಂದೆ. ನಾನು ಬಿಟ್ಟರೆ ಪಕ್ಕದವನು ಮಾರುತ್ತಾನೆ ಎಂಬ ಮಾತನ್ನು ನಾನು ಹೇಳಲಿಲ್ಲ, ಅದು ಬಹಳ ಸಸ್ತಾ ಮಾತು. ನಿನ್ನ ಅತ್ತೆಯ ಕಾಲು ನಾನು ನೋಡಿದ್ದೇನೆ, ಹಾಗಾಗಿ ಮಾರುತ್ತೇನೆ ಎಂದೆ. ಅವಳು ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು.

"ಮಾರ್ರಿ. ಆದ್ರ ಒಯ್ಯೋರಿಗೆ ಕೇಳಿ ಮಾರ್ರಿ, ಕಲಸೋರು ಯಾರು ಅಂತ."

ಈಗ ನನ್ನ ಪದ್ಧತಿ ಅದು. ಡಬ್ಬಿ ಕೈಗೆ ಕೊಡುವ ಮೊದಲು ಆ ಪ್ರಶ್ನೆ ಕೇಳುತ್ತೇನೆ, ಉತ್ತರ ಬರುವವರೆಗೆ ಡಬ್ಬಿ ನನ್ನ ಕಡೆಯೇ ಇರುತ್ತದೆ. ಮೊದಮೊದಲು ಕೆಲವರು ಪಕ್ಕದ ಅಂಗಡಿಗೆ ಹೋದರು, ಅರ್ಧ ಜನ ತಿರುಗಿ ಬಂದರು. ಹೋದ ವಾರ ಹಳೆಯ ಗಿರಾಕಿಯೊಬ್ಬ ಬಂದ, ಗಡಿಬಿಡಿಯ ಮನುಷ್ಯ, ಮೋಟರ್ ಸೈಕಲ್ ಬಂದ್ ಮಾಡದೆ ಡಬ್ಬಿ ಕೊಡು ಅಂದ. ಮನೆಯಲ್ಲಿ ಯಾರು ಯಾರಿದ್ದಾರೆ, ಕಲಸುವವರು ಯಾರು, ಅವರ ವಯಸ್ಸೆಷ್ಟು ಎಂದು ಕೇಳಿದೆ.

"ಏನೊ ಭಾಯಿ, ಎಣ್ಣಿ ಕೊಡ್ತೀಯೊ ಹೆಣ್ಣು ನೋಡಾಕ ಬಂದೀಯೊ?"

ಕಟ್ಟೆಯ ಮೇಲಿದ್ದವರು ನಕ್ಕರು. ನಾನೂ ನಕ್ಕೆ, ಡಬ್ಬಿ ಮಾತ್ರ ಕೊಡಲಿಲ್ಲ. ಅವನು ನನ್ನ ಮುಖ ನೋಡಿ ಗಾಡಿ ಬಂದ್ ಮಾಡಿದ, ಇಳಿದು ಬಂದು ಕಟ್ಟೆಯ ಮೇಲೆ ಕುಳಿತ, ಬೆರಳು ಮಡಚುತ್ತ ಮನೆಯವರನ್ನು ಒಬ್ಬೊಬ್ಬರಾಗಿ ಹೇಳತೊಡಗಿದ.